ಪರದೆಯ ಮೇಲಿನ ಗುಮ್ಮ

ಕಂಪ್ಯೂಟರಿನಲ್ಲಿ ಏನನ್ನೋ ಓದುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಫಲಕವೊಂದು ಹರಡಿಕೊಂಡು, ಕರ್ಕಶ ಸದ್ದಿನೊಡನೆ 'ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂದು ಅಪ್ಪಣೆ ಕೊಡಿಸುವುದುಂಟು. ಮೈಕ್ರೋಸಾಫ್ಟಿನ ಲಾಂಛನವೂ ಅದರ ಮೇಲಿರುತ್ತದೆ. ಕೆಲವೊಮ್ಮೆ ಕೇಂದ್ರ ಸಚಿವಾಲಯದ ಹೆಸರಿನಲ್ಲಿ, ಅಶ್ಲೀಲ ಚಿತ್ರ ನೋಡಿದ ಅಪರಾಧಕ್ಕೆ ದಂಡ ಕಟ್ಟಬೇಕೆಂಬ ಬೆದರಿಕೆಯೂ ಬರುತ್ತದೆ. ನೋಡದವನೂ ಮರ್ಯಾದೆಗಂಜಿ, ಮನೆಯವರಿಗೂ ಹೇಳದೆ ಹಣ ತೆರಲಿ ಎಂಬುದೇ ಇದರ ಹಂಚಿಕೆ.

ಈ ಫಲಕ ಯಂತ್ರದೊಳಗಿನಿಂದ ಬಂದುದಲ್ಲ. ಅದೂ ಒಂದು ವೆಬ್ ಪುಟವೇ. ಪರದೆಯನ್ನೆಲ್ಲ ಆವರಿಸಿ ಮೇಲಿನ ವಿಳಾಸದ ಸಾಲನ್ನು ಮರೆಮಾಡಿರುವುದರಿಂದ ಬೇರೆಯಾಗಿ ಕಾಣುತ್ತದೆ, ಅಷ್ಟೆ. ನಿಮ್ಮ ಕಂಪ್ಯೂಟರನ್ನೆಲ್ಲ ಜಾಲಾಡಿ ವೈರಸ್ ಹುಡುಕುವುದು ಅಂತಹ ಪುಟದಿಂದ ಆಗುವ ಕೆಲಸವಲ್ಲ. ಅದರಲ್ಲಿ ಕಾಣುವ 'ಮುಚ್ಚು' ಗುರುತು ಸಹ ಎಷ್ಟೋ ಸಲ ಬರಿಯ ಚಿತ್ರ. ಒತ್ತಿದರೆ ಇನ್ನೊಂದು ಪುಟ ತೆರೆದೀತು. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ತಿಳಿಸಿದೆ. ಕರೆ ಮಾಡಿದಾಗಲೇ ನಿಜವಾದ ಮೋಸದ ಆರಂಭ. ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸಿ, ದೂರದಲ್ಲಿ ಕುಳಿತವನು ನಿಮ್ಮ ಯಂತ್ರವನ್ನೂ ಬ್ಯಾಂಕಿನ ಖಾತೆಯನ್ನೂ ವಶಪಡಿಸಿಕೊಳ್ಳುತ್ತಾನೆ.

ಆದುದರಿಂದ ಕರೆ ಬೇಡ. ಎಸ್ಕೇಪ್ ಕೀಲಿಯನ್ನು ತುಸು ಹೊತ್ತು ಒತ್ತಿ ಹಿಡಿದು ಬ್ರೌಸರನ್ನು ಮುಚ್ಚಬೇಕು. ಆಗದಿದ್ದರೆ ಯಂತ್ರವನ್ನೇ ಆರಿಸಬಹುದು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಒಪ್ಪಬಾರದು.

ಮೊಬೈಲಿನಲ್ಲಿ ಇನ್ನೊಂದು ಉಪಾಯವಿದೆ. ನೀವು ರೋಬೋಟ್ ಅಲ್ಲವೆಂದು ತೋರಿಸಲು 'ಅಲೋ' ಒತ್ತಿ ಎನ್ನುತ್ತಾರೆ. ಒತ್ತಿದ ಮೇಲೆ ದಿನವಿಡೀ ಸುಳ್ಳು ಸೂಚನೆಗಳ ಕಾಟ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ವಿಭಾಗಕ್ಕೆ ಹೋಗಿ ಆ ತಾಣಕ್ಕೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡರೆ ಅದು ನಿಲ್ಲುತ್ತದೆ. ಹಣ ಹೋಗಿದ್ದರೆ ಮಾತ್ರ ನಾಚಿಕೆಪಡುತ್ತ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬೆದರಿಕೆ ಇಂಗ್ಲಿಷಿನಲ್ಲಿ, ಅದರ ಬಗೆಗಿನ ತಿಳುವಳಿಕೆ ಮಲೆಯಾಳದಲ್ಲಿ ಎಂದಾದರೆ ನಮ್ಮ ಕನ್ನಡವಷ್ಟೇ ಓದಬಲ್ಲ ಹಿರಿಯರ ಗತಿಯೇನು? ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಹೇಳುತ್ತದೆ. ಪೋಲೀಸರ ಸೈಬರ್ ಎಚ್ಚರಿಕೆಗಳಿಗೂ ಆ ಮನ್ನಣೆ ಸಿಗಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪ್ರತಿಯೊಂದು ಅಕ್ಷಯ ಕೇಂದ್ರದಲ್ಲೂ 1930 ಎಂಬ ಸಂಖ್ಯೆಯೊಡನೆ ಒಂದು ಕನ್ನಡ ಫಲಕ ತೂಗಲು ಜಿಲ್ಲಾಡಳಿತಕ್ಕೆ ದೊಡ್ಡ ವೆಚ್ಚವೇನೂ ತಗಲದು.