ಹದಿನಾರು ಅಂಗುಲದ ಕಾಯಿದೆ

ಒಂದು ಅಂಗುಲವೆಂದರೆ ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು ಉದ್ದ. ದರ್ಜಿಯ ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆಯಾದರೆ ಅಂಗಿ ಬಿಗಿಯಾದೀತು, ಇಲ್ಲವೆ ಸಡಿಲವಾದೀತು. ಅದಕ್ಕಾಗಿ ಯಾರೂ ಸೆರೆಮನೆಗೆ ಹೋಗುವುದಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ, ನಳಿಗೆ ೧೬ ಅಂಗುಲವಿದ್ದರೆ ಅದು ಸಾಮಾನ್ಯ ರೈಫಲು. ೧೫ ಅಂಗುಲವಾದರೆ ಕೇಂದ್ರ ಸರ್ಕಾರದ ದಾಖಲೆಯಲ್ಲಿ ಸೇರಲೇಬೇಕಾದ ವಿಶೇಷ ಆಯುಧ. ಸೇರಿಸದೆ ಇಟ್ಟುಕೊಂಡವನಿಗೆ ೧೦ ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಈ ಕಟ್ಟನ್ನು ಸಡಿಲಿಸಬೇಕೆಂಬ ಯತ್ನ ಹಲವು ವರ್ಷಗಳಿಂದ ನಡೆದಿದೆ. ೨೦೨೫ರಲ್ಲಿ ಅದು ಅರ್ಧ ಗೆದ್ದಿತು.

ಈ ಅಂಗುಲದ ಲೆಕ್ಕ ಹುಟ್ಟಿದುದು ಪಾನನಿರೋಧದ ಕಾಲದ ರಕ್ತಪಾತದಿಂದ. ಕಳ್ಳಮದ್ಯದ ಹಣದಿಂದ ಕೊಬ್ಬಿದ ತಂಡಗಳು ನಗರಗಳನ್ನು ನಡುಗಿಸಿದ್ದವು. ೧೯೨೯ರ ಫೆಬ್ರವರಿ ೧೪ರಂದು ಚಿಕಾಗೋ ನಗರದ ಒಂದು ಗ್ಯಾರೇಜಿನಲ್ಲಿ ಏಳು ಮಂದಿಯನ್ನು ಗೋಡೆಯ ಬಳಿ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿ ಕೊಂದರು. ೧೯೩೪ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸರ್ಕಾರವು ಒಂದು ಮಸೂದೆಯನ್ನು ತಂದಿತು. ಆಯುಧವನ್ನು ನೇರವಾಗಿ ನಿಷೇಧಿಸುವ ಅಧಿಕಾರ ಕೇಂದ್ರಕ್ಕೆ ಉಂಟೇ ಎಂಬ ಸಂದೇಹವಿದ್ದುದರಿಂದ, ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ತೆರಿಗೆಯ ಬಳಸುದಾರಿಯನ್ನು ಹಿಡಿದರು. ಆಯುಧದ ತಯಾರಿಕೆಗೂ ಹಸ್ತಾಂತರಕ್ಕೂ ೨೦೦ ಡಾಲರ್ ತೆರಿಗೆ. ಅದರ ಬೆನ್ನಿಗೆ ನೋಂದಣಿ. ಆ ದಿನಗಳಲ್ಲಿ ಅದು ಒಂದು ಮೆಷಿನ್‌ಗನ್ನಿನ ಬೆಲೆಗೆ ಹತ್ತಿರವಾದ ಮೊತ್ತ.

ಮೊದಲ ಮಸೂದೆಯಲ್ಲಿ ಪಿಸ್ತೂಲು, ರಿವಾಲ್ವರುಗಳೂ ಇದ್ದವು. ಜನರು ಉದ್ದ ಬಂದೂಕನ್ನು ಕತ್ತರಿಸಿ ಬಚ್ಚಿಡುವಂತೆ ಮಾಡಿಕೊಂಡು ಕಾಯಿದೆಯ ಕಣ್ಣಿಗೆ ಮಣ್ಣೆರಚಬಾರದೆಂದು ಮೊಟಕು ಬಂದೂಕುಗಳನ್ನೂ ಸೇರಿಸಿದರು. ವಿರೋಧ ಬಲವಾದಾಗ ಪಿಸ್ತೂಲುಗಳನ್ನು ಕೈಬಿಟ್ಟರು. ಮೊಟಕು ಬಂದೂಕುಗಳು ಮಾತ್ರ ಉಳಿದುವು. ಹೆಬ್ಬಾಗಿಲನ್ನು ತೆರೆದಿಟ್ಟು ಹಿತ್ತಿಲ ಬಾಗಿಲಿಗೆ ಬೀಗ ಜಡಿದಂತಾಯಿತು. ಗಡಿಯಾದರೂ ಅಚಲವೇ? ಮೊದಲು ೧೮ ಅಂಗುಲವಿದ್ದುದನ್ನು ೧೯೬೦ರಲ್ಲಿ ರೈಫಲುಗಳಿಗೆ ೧೬ಕ್ಕೆ ಇಳಿಸಿದರು. ನಿನ್ನೆಯ ಅಪರಾಧ ಇಂದು ನ್ಯಾಯಸಮ್ಮತವಾಯಿತು.

ಸಡಿಲಿಕೆಯ ಪಕ್ಷದವರು ಹಿಡಿದಿರುವುದು ಈ ಎಳೆಯನ್ನೇ. ಜೇಬಿನಲ್ಲಿ ಅಡಗುವ ಪಿಸ್ತೂಲಿಗೆ ಇಲ್ಲದ ಕಟ್ಟು, ಅದಕ್ಕಿಂತ ಎಷ್ಟೋ ಉದ್ದವಾದ ಮೊಟಕು ರೈಫಲಿಗೆ ಏಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಹಗುರವಾದುದಲ್ಲ. ಎದುರು ಪಕ್ಷದ ಉತ್ತರವೂ ಹಗುರವಲ್ಲ. ರೈಫಲಿನ ಗುಂಡಿಗೆ ಪಿಸ್ತೂಲಿನ ಗುಂಡಿಗಿಂತ ವೇಗ ಹೆಚ್ಚು. ಪೋಲೀಸರು ದಿನವೂ ತೊಡುವ ಮೆತು ಕವಚ ಪಿಸ್ತೂಲಿನ ಗುಂಡನ್ನು ತಡೆದೀತು, ರೈಫಲಿನದನ್ನು ತಡೆಯಲಾರದು. ಅಂತಹ ಶಕ್ತಿ ಮೇಲಂಗಿಯೊಳಗೆ ಅಡಗುವಂತಾದರೆ ಗತಿಯೇನು ಎಂಬುದು ಅವರ ಅಳುಕು.

೨೦೨೫ರ ಬೇಸಿಗೆಯಲ್ಲಿ ವಾದವು ಸೆನೆಟ್ ಸಭೆಯನ್ನು ಮುಟ್ಟಿತು. ಆಯವ್ಯಯಕ್ಕೆ ಸಂಬಂಧಿಸಿದ ಮಹಾ ಮಸೂದೆಯೊಂದರಲ್ಲಿ ಮೊಟಕು ರೈಫಲುಗಳನ್ನು ೧೯೩೪ರ ಕಾಯಿದೆಯಿಂದ ಪೂರ್ತಿಯಾಗಿ ಬಿಡಿಸುವ ಪ್ರಸ್ತಾಪವಿದ್ದಿತು. ಅಂತಹ ಮಸೂದೆಯಲ್ಲಿ ಇದು ಸಲ್ಲದೆಂದು ಸಭಾನಿಯಮಗಳ ಅಧಿಕಾರಿಣಿ ಎಲಿಜಬೆತ್ ಮೆಕ್‌ಡೊನೊ ಅಭಿಪ್ರಾಯವಿತ್ತರು. ಕೊನೆಗೆ ತೆರಿಗೆಯನ್ನು ಮಾತ್ರ ೨೦೨೬ರ ಜನವರಿ ೧ರಿಂದ ಸೊನ್ನೆಗೆ ಇಳಿಸಲಾಯಿತು. ಭಾವಚಿತ್ರ, ಬೆರಳಚ್ಚು, ನೋಂದಣಿಗಳು ಹಾಗೆಯೇ ಉಳಿದುವು.

ಅಲ್ಲಿಂದ ಹೊಸ ತೊಡಕು ಹುಟ್ಟಿತು. ೧೯೩೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆಯನ್ನು ಎತ್ತಿಹಿಡಿದುದು ಇದು ತೆರಿಗೆಯ ಕಾಯಿದೆ ಎಂಬ ಆಧಾರದ ಮೇಲೆ. ತೆರಿಗೆಯೇ ಸೊನ್ನೆಯಾದ ಮೇಲೆ ನೋಂದಣಿಗೆ ನೆಲೆಯೆಲ್ಲಿ ಎಂದು ಸಡಿಲಿಕೆಯ ಪಕ್ಷದವರು ೨೦೨೫ರಲ್ಲೇ ದಾವೆಗಳನ್ನು ಹೂಡಿದರು. ಗೂಟವನ್ನು ಕಿತ್ತವರೇ, ಅದಕ್ಕೆ ತೂಗುಹಾಕಿದ್ದ ಕೋಟು ಏಕೆ ಬೀಳಲಿಲ್ಲವೆಂದು ಕೇಳಿದಂತಾಯಿತು.

ಮೊಟಕು ರೈಫಲು ಮಿಕ್ಕ ಬಂದೂಕುಗಳಿಗಿಂತ ಅಪಾಯಕರವೇ ಅಲ್ಲವೇ ಎಂಬುದೇ ಮೂಲ ಪ್ರಶ್ನೆ. ೧೯೩೪ರಲ್ಲಿ ಅದು ತೆರಿಗೆಯ ಮರೆಯಲ್ಲಿ ಅಡಗಿತು. ೨೦೨೫ರಲ್ಲಿ ಆಯವ್ಯಯದ ಮರೆಯಲ್ಲಿ. ಮಕ್ಕಳನ್ನು ಶಾಲೆಗೆ ಕಳುಹಿಸಿ ಸಂಜೆಯವರೆಗೆ ಬಾಗಿಲು ನೋಡುವ ತಾಯಿಗೂ, ನಿಯಮ ತಪ್ಪದೆ ಬಂದೂಕು ಇಟ್ಟುಕೊಂಡ ಗೃಹಸ್ಥನಿಗೂ ಬೇಕಾದುದು ಆ ಪ್ರಶ್ನೆಗೆ ನೇರವಾದ ಉತ್ತರ. ಶಾಸನಸಭೆಯು ಅದನ್ನು ಎದುರಿಸುವವರೆಗೆ, ಒಂದು ಅಂಗುಲದ ಅಂತರವೇ ಗೃಹಸ್ಥನನ್ನೂ ಅಪರಾಧಿಯನ್ನೂ ಬೇರ್ಪಡಿಸುತ್ತಿರುತ್ತದೆ.