ಮೂಕವಾದ ಗಿಟಾರಿಗೆ ಮನೆಯ ಮದ್ದು

ನಮ್ಮ ಚಾಮರಾಜನಗರ ಜಿಲ್ಲೆ ತಂಬೂರಿ ಮತ್ತು ಕಂಸಾಳೆಗಳ ನಾಡು. ಮಂಟೇಸ್ವಾಮಿಯ ಕಥನ ಹಾಡುವ ನೀಲಗಾರರು ಹಾಡಿಗೆ ಕೂರುವ ಮೊದಲು ತಂಬೂರಿಯ ತಂತಿಯನ್ನು ತಾವೇ ಮಿಡಿದು, ತಾವೇ ಬಿಗಿದು ಶ್ರುತಿಗೆ ತರುತ್ತಾರೆ. ಈಗ ನಮ್ಮ ಕೆಲವು ಮನೆಗಳಿಗೆ ಎಲೆಕ್ಟ್ರಿಕ್ ಗಿಟಾರ್ ಬಂದಿದೆ. ಅದೇಕೆ ಬೇಕಿತ್ತೆಂದು ಕೇಳುವ ಹಿರಿಯರಿದ್ದಾರೆ. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತರು ಗಿಟಾರಿನೊಡನೆ ಹಾಡಿದ್ದನ್ನು ಕೇಳಿ ತಲೆದೂಗಿದವರೂ ಅವರಲ್ಲಿದ್ದಾರೆ. ಆದ್ದರಿಂದ ಆ ಚರ್ಚೆಗೆ ನಾವು ಹೋಗುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ವಾದ್ಯವು ಒಂದು ದಿನ ಇದ್ದಕ್ಕಿದ್ದಂತೆ ಮೂಕವಾದಾಗ ಏನು ಮಾಡಬೇಕೆಂಬುದಷ್ಟೇ ಈ ಸಂಚಿಕೆಯ ವಿಷಯ.

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರನ್ನೇ ತೆಗೆದುಕೊಳ್ಳೋಣ. ಇದು ವಡೆಗೆ ಹೆಸರಾದ ಮದ್ದೂರಲ್ಲ; ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿರುವ ಮದ್ದೂರು. ಇಲ್ಲಿಂದ ಮುಂದಿನ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ 2009ರಿಂದ ತಡೆಯಿದೆ. ಗಿಟಾರನ್ನು ನುರಿತ ಕೈಗೆ ಒಪ್ಪಿಸಬೇಕೆಂದರೆ ಮೈಸೂರಿಗೇ ಹೋಗಬೇಕು. ಅದು ಗುಂಡ್ಲುಪೇಟೆಯಿಂದಲೇ ಸುಮಾರು 60 ಕಿಲೋಮೀಟರ್. ಹೋಗಿಬರುವ ಖರ್ಚು, ವಾರಗಟ್ಟಲೆ ಕಾಯುವ ಬೇಸರ, ಕೊನೆಗೆ ನೋಡಿದರೆ ಸಡಿಲಗೊಂಡಿದ್ದ ಒಂದು ನಟ್ಟು! ಕೈಕೆಲಸವನ್ನು ಕೀಳೆಂದು ಎಣಿಸದ ಪರಂಪರೆ ನಮ್ಮದು. ಮನೆಯ ಹುಡುಗನಿರಲಿ ಹುಡುಗಿಯಿರಲಿ, ಒಂದು ಸ್ಕ್ರೂ ಡ್ರೈವರ್ ಹಿಡಿಯುವುದನ್ನು ಕಲಿತರೆ ಈ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ನಂಟನ್ನೂ ಹೇಳಬೇಕು. ಗಿಟಾರಿನ ಕೊರಳ ಮೇಲೆ ಬೆರಳೂರುವ ಕಪ್ಪು-ಕಂದು ಹಲಗೆ ಎಷ್ಟೋ ವಾದ್ಯಗಳಲ್ಲಿ ನಮ್ಮ ಬೀಟೆ ಮರದ್ದು. ಬ್ರೆಜಿಲ್ ದೇಶದ ಬೀಟೆಯ ಜಾತಿಯ ಮರ ದುರ್ಲಭವಾದಂತೆ ಜಗತ್ತಿನ ಗಿಟಾರ್ ತಯಾರಕರು ದಕ್ಷಿಣ ಭಾರತದ ಬೀಟೆಯ ಕಡೆ ತಿರುಗಿದರು. 2017ರಲ್ಲಿ ಈ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುಪಾಡು ಬಂದಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಬಂಡೀಪುರದ ಕಾಡಿನಲ್ಲಿ ಬೆಳೆಯುವ ಮರದ ಬಳಗವೇ ಹಡಗು ಹತ್ತಿ ಹೋಗಿ, ಗಿಟಾರಾಗಿ ನಮ್ಮ ಹಜಾರಕ್ಕೆ ಮರಳಿದೆ ಎನ್ನಬಹುದು. ಆ ಹಲಗೆ ಒಣಗಿ ಬಿಳಚಿಕೊಂಡರೆ ತಂತಿ ಬದಲಿಸುವಾಗ ವಾದ್ಯಕ್ಕೆಂದೇ ಮಾರುವ ಎಣ್ಣೆಯನ್ನು ಎರಡು ಹನಿಯಷ್ಟು ಬಟ್ಟೆಗೆ ತಾಗಿಸಿ ಒರೆಸಿದರೆ ಸಾಕು. ಅಡುಗೆಮನೆಯ ಎಣ್ಣೆ ಬೇಡ. ಅದು ಅಂಟಾಗಿ ಕಮಟು ಹಿಡಿಯುತ್ತದೆ.

ಈಗ ಕೆಲಸಕ್ಕೆ ಬರೋಣ. ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ಹೀಗೆ ಹುಟ್ಟುವ ವಿದ್ಯುತ್ತು ತೀರ ಅಲ್ಪ. ಆದುದರಿಂದ ಕೇಬಲ್ ಕಿತ್ತಿಟ್ಟ ಮೇಲೆ ಗಿಟಾರಿನ ಒಡಲನ್ನು ಬಿಚ್ಚಲು ಅಂಜಬೇಕಾದ ಕಾರಣವಿಲ್ಲ. ಆಂಪ್ಲಿಫೈಯರಿನ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಸದ್ದು ನಿಂತಿತೆಂದರೆ ಮೊದಲು ಶಂಕಿಸಬೇಕಾದದ್ದು ಕೇಬಲನ್ನು. ಇನ್ನೊಂದು ಕೇಬಲ್ ಹಾಕಿ ನೋಡುವುದು ಅರ್ಧ ನಿಮಿಷದ ಕೆಲಸ. ಕೆಲವು ಗಿಟಾರುಗಳ ಬೆನ್ನಿನಲ್ಲಿ 9 ವೋಲ್ಟಿನ ಬ್ಯಾಟರಿ ಇರುತ್ತದೆ. ನುಡಿಸದಿರುವಾಗಲೂ ಕೇಬಲ್ ಸಿಕ್ಕಿಸಿಯೇ ಬಿಟ್ಟರೆ ಅದು ಬರಿದಾಗುತ್ತದೆ. ಇವೆರಡೂ ಸರಿಯಿದ್ದರೆ ದೋಷ ಬಹುಪಾಲು ಕೇಬಲ್ ಸಿಕ್ಕಿಸುವ ಜ್ಯಾಕಿನಲ್ಲಿರುತ್ತದೆ. ಅದರ ಹೊರಗಿನ ನಟ್ಟು ಸಡಿಲವಾಗಿದೆಯೆಂದು ಸುಮ್ಮನೆ ತಿರುಗಿಸಿ ಬಿಗಿದರೆ ಒಳಗಿನ ಜ್ಯಾಕೂ ಜೊತೆಗೆ ತಿರುಗಿ, ಬೆಸುಗೆ ಹಾಕಿದ ತಂತಿ ತಿರುಚಿಕೊಂಡು ಕಿತ್ತುಬರುತ್ತದೆ. ನೆಟ್ಟಗಿದ್ದ ವಾದ್ಯವನ್ನು ಕೆಡಿಸುವ ದಾರಿಗಳಲ್ಲಿ ಇದೇ ಮೊದಲನೆಯದು. ತಗಡನ್ನು ಬಿಚ್ಚಿ, ಒಳಗಿನ ಭಾಗವನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಹೊರಗಿನ ನಟ್ಟನ್ನು ಬಿಗಿಯಬೇಕು.

ತಂತಿ ಆಗಲೇ ಕಿತ್ತಿದ್ದರೆ 25 ವಾಟಿನ ಸಾಲ್ಡರಿಂಗ್ ಐರನ್ ಸಾಕು. ಕೇಬಲಿನ ತುದಿಯನ್ನು ಮುಟ್ಟುವ ಉದ್ದನೆಯ ನಾಲಗೆಗೆ ಸದ್ದಿನ ತಂತಿ, ಸುತ್ತಲಿನ ಉಂಗುರಕ್ಕೆ ಭೂಮಿಯ ತಂತಿ. ಅದಲುಬದಲಾದರೆ ಸದ್ದಿನ ಬದಲು ಗುಂಯ್‌ಗುಡುವಿಕೆಯೇ ಕೇಳೀತು. ಬೆಸುಗೆಯ ಲೋಹವನ್ನು ಐರನ್ನಿನ ಮೊನೆಗೆ ಸವರದೆ, ಕಾದ ಸಂಧಿಗೆ ಮುಟ್ಟಿಸಿದರೆ ಅದು ತಾನೇ ಹರಿದು ಹೊಳೆಯುತ್ತ ಕೂರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸೀಸವಿರುವುದರಿಂದ ಕಿಟಕಿ ತೆರೆದಿರಲಿ, ಎಳೆಯ ಮಕ್ಕಳು ದೂರವಿರಲಿ, ಕೆಲಸ ಮುಗಿದೊಡನೆ ಕೈ ತೊಳೆಯಬೇಕು.

ಧ್ವನಿಯ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಒಳಗೆ ಧೂಳು ಸೇರಿದೆ. ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುವ ಕಾಂಟ್ಯಾಕ್ಟ್ ಕ್ಲೀನರನ್ನು ಸಂದಿಯೊಳಗೆ ಸಿಂಪಡಿಸಿ ಇಪ್ಪತ್ತು-ಮೂವತ್ತು ಬಾರಿ ತಿರುಗಿಸಿದರೆ ಆಯಿತು.

ತಂತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಬರಿದೆ ಗಿಟಾರ್ ತಂತಿ ಎಂದು ಕೇಳಿದರೆ ಕಂಚು ಸುತ್ತಿದ ತಂತಿ ಕೊಟ್ಟಾರು. ಅದು ಮರದ ಪೊಳ್ಳು ಗಿಟಾರಿಗೆ ಒಪ್ಪುವಂಥದು. ಕಂಚನ್ನು ಅಯಸ್ಕಾಂತ ಗುರುತಿಸುವುದಿಲ್ಲವಾಗಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದರ ನಾದ ಕುಂದುತ್ತದೆ. ನಿಕ್ಕಲ್ ಸುತ್ತಿದ ಉಕ್ಕಿನ ತಂತಿಯನ್ನೇ ಕೇಳಿ ಪಡೆಯಬೇಕು. ಬಿರಡೆಗೆ ಎರಡು-ಮೂರು ಸುತ್ತು ಬರುವಂತೆ, ಒಂದೊಂದೇ ತಂತಿಯನ್ನು ಬಿಚ್ಚಿ ಬದಲಿಸುತ್ತ ಹೋದರೆ ಕೊರಳಿನ ಮೇಲಿನ ಎಳೆತ ಒಮ್ಮೆಲೇ ಸಡಿಲವಾಗದು. ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವು ಅಲ್ಲಿಯೇ ಹಗುರವಾಗಿ ತಾಗಿಸಿ ನುಡಿಸಿದ ಸ್ವರಕ್ಕಿಂತ ಏರಿದ್ದರೆ ಆ ತಂತಿಯ ಕುದುರೆಯನ್ನು ಕೊಂಚ ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು.

ಇನ್ನು ಆಂಪ್ಲಿಫೈಯರ್. ಇಲ್ಲಿ ನಾವು ತುಸು ಕಠಿಣವಾಗಿಯೇ ಹೇಳುತ್ತೇವೆ. ಗಿಟಾರಿನ ತಂತಿಗಳು ಒಳಗಿನ ಭೂಮಿಯ ತಂತಿ ಹಾಗೂ ಕೇಬಲಿನ ಹೊರಕವಚದ ಮೂಲಕ ಆಂಪ್ಲಿಫೈಯರಿನ ಲೋಹದ ಒಡಲಿಗೆ ಸೇರಿರುತ್ತವೆ. ಅಲ್ಲಿಂದ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಅವನ್ನು ಭೂಮಿಗೆ ಸೇರಿಸುತ್ತದೆ. ಎರಡೇ ತೂತಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹೊಂದಲೆಂದು ಆ ಪಿನ್ನನ್ನು ಮುರಿಯುವವರಿದ್ದಾರೆ. ಗಣಪತಿಯ ಪೆಂಡಾಲಿನಲ್ಲಿ ಬರಿಯ ತಂತಿಗಳನ್ನು ಬೆಂಕಿಕಡ್ಡಿಯಿಂದ ತೂತಿಗೆ ಸಿಕ್ಕಿಸುವುದನ್ನೂ ನಾವೆಲ್ಲ ಕಂಡಿದ್ದೇವೆ. ಆಗ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟು ನೇರವಾಗಿ ಗಿಟಾರಿನ ತಂತಿಗೆ ಬರಬಹುದು. ಹಾಡುವವನ ತುಟಿ ಮೈಕಿಗೆ ತಾಗಿದರೆ ಆ ವಿದ್ಯುತ್ತು ಎದೆಯ ಮೂಲಕ ಹರಿಯುತ್ತದೆ. ಅರ್ತಿಂಗ್ ಕೆಟ್ಟ ಮೈಕಿನಿಂದಲೂ ಇದೇ ಅಪಾಯ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ಪಟ್ಟಣದ ವೇದಿಕೆಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ತೀರಿಕೊಂಡರು. 1976ರಲ್ಲಿ ಗಾಯಕ ಕೀತ್ ರೆಲ್ಫ್ ತಮ್ಮ ಮನೆಯಲ್ಲಿಯೇ, ಸರಿಯಾದ ಅರ್ತಿಂಗ್ ಇಲ್ಲದ ಗಿಟಾರಿನಿಂದ ಪ್ರಾಣ ಕಳೆದುಕೊಂಡರು.

ಆದುದರಿಂದ ಮಗುವಿಗೆ ಗಿಟಾರ್ ಕೊಡಿಸುವ ಮನೆಯವರು ಅದಕ್ಕೂ ಮೊದಲು ಒಬ್ಬ ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಕೋಣೆಯ ಅರ್ತಿಂಗನ್ನು ಪರೀಕ್ಷಿಸಲಿ. ಸಾಧ್ಯವಾದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಲಿ. ತಂತಿ ಮುಟ್ಟಿದಾಗ ಗುಂಯ್‌ಗುಡುವಿಕೆ ತಗ್ಗಿದರೆ ಅದು ಸಹಜ. ಕೈ ಜುಮ್ಮೆಂದರೆ ಮಾತ್ರ, ಎಷ್ಟೇ ಸಣ್ಣದಾಗಿರಲಿ, ತಕ್ಷಣ ಗೋಡೆಯ ಸ್ವಿಚ್ಚನ್ನು ಆರಿಸಿ, ಕಾರಣ ತಿಳಿಯುವವರೆಗೆ ಆ ಪೆಟ್ಟಿಗೆಯನ್ನು ಬಳಸಬಾರದು. ಪ್ಲಗ್ ಕಿತ್ತಿಟ್ಟ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆಯಾದ್ದರಿಂದ ಅದನ್ನು ಮನೆಯಲ್ಲಿ ಬಿಚ್ಚುವುದೂ ಬೇಡ. ಮೈಸೂರಿನ ಬಸ್ಸು ಹತ್ತಬೇಕಾದದ್ದು ಇದಕ್ಕೆ, ಮತ್ತು ಕೊರಳು ಬಾಗಿದ ಗಿಟಾರಿಗೆ.