ಡಿಜೆ ಬಂದ್ ಮಾಡ್ರಿ, ಬಾಯಿ ಬಿಟ್ಟು ಹಾಡ್ರಿ



1947ರ ಸ್ವಾತಂತ್ರ್ಯ ಯಾರ ಪಾಲಾಯ್ತು ಎಂದು ಕೇಳುವ ಸಿದ್ಧಲಿಂಗಯ್ಯನವರ ಹಾಡು ನಿಮಗೆಲ್ಲ ಗೊತ್ತು. ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ, ‘ಸಾವಿರಾರು ನದಿಗಳು’ 1979ರಲ್ಲಿ ಬಂದವು. ಆದ್ರ ಅವರ ಹಾಡುಗಳು ಹಳ್ಳಿ ಮುಟ್ಟಿದ್ದು ದಲಿತ ಸಂಘರ್ಷ ಸಮಿತಿಯ ಜಾಥಾ, ಧರಣಿಗಳಿಂದ. ಒಬ್ಬರು ಎತ್ತಿಕೊಟ್ರೆ ನೂರು ಮಂದಿ ಹಿಂದ ಹಾಡ್ತಿದ್ರು. ಅಕ್ಷರ ಬಾರದವರೂ ಹಂಗ ಕಲಿತರು.

ಈಗ ಏಪ್ರಿಲ್ 14ಕ್ಕೆ ಓಣಿಗೆ ಡಿಜೆ ಬರ್ತೈತಿ. ಅದೇ ಹಾಡು ಸ್ಪೀಕರಿನ್ಯಾಗ ಗುಡುಗ್ತೈತಿ, ನಮ್ಮ ಬಾಯಿ ಮುಚ್ಚಿರ್ತಾವ. ಹಾಡು ಕೇಳೂದು ಬ್ಯಾರೆ, ಪ್ರಶ್ನೆ ಕೇಳೂದು ಬ್ಯಾರೆ.

ಪ್ರಶ್ನೆ ಹಳೇದಾಗಿಲ್ಲ. ನಮ್ಮ ಮಸೂತಿ ಮಗ್ಗಲಾಗ ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಐತಿ. ಭೂಮಿ ಹೋದಾಗ ಪರಿಹಾರ ಉತಾರ ನೋಡಿ ಕೊಡ್ತಾರ. ಉತಾರನೇ ಇಲ್ಲದ, ಆ ಹೊಲದಾಗ ಕಳೆ ತೆಗೆದು ಬದುಕಿದವರ ಪಾಲು ಎಲ್ಲಿ? ಆ ಹಾಡು ಇದನ್ನೇ ಕೇಳ್ತದ.

ಸಿದ್ಧಲಿಂಗಯ್ಯನವರು 2021ರ ಜೂನ್ 11ರಂದು ತೀರಿಕೊಂಡರು. ಅವರ ಫೋಟೋಕ್ಕೆ ಹಾರ ಹಾಕಿದ್ರ ಸಾಲದು. ಮುಂದಿನ ಜಯಂತಿಗೆ ಒಂದು ತಾಸರೆ ಡಿಜೆ ಬಂದ್ ಮಾಡ್ರಿ. ಕೂಲಿ ಹೆಣ್ಣುಮಕ್ಕಳ ಕೈಯಾಗ ಮೈಕ್ ಕೊಡ್ರಿ. ಸುರ ತಪ್ಪಿದ್ರೂ ಚಿಂತಿಲ್ಲ, ಪ್ರಶ್ನೆ ತಪ್ಪಬಾರದು.